ಜಿಡ್ಡು ಹೋಗಲಿ, ಕೈ ಉಳಿಯಲಿ



ನಾವು ಬೆಂಗಳೂರಿನ ಉತ್ತರ ಭಾಗದವರು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ನಮ್ಮ ಕಡೆ. ಬಳ್ಳಾರಿ ರಸ್ತೆಯಲ್ಲಿ ಹಗಲೂ ರಾತ್ರಿ ಗಾಡಿಗಳು ಓಡುತ್ತವೆ. ಯಶವಂತಪುರದ ಟ್ರಕ್ ಟರ್ಮಿನಲ್‌ಗೆ ದೂರದ ಊರುಗಳಿಂದ ಲಾರಿಗಳು ಬರುತ್ತವೆ. ಗಾಡಿ ಇದ್ದ ಕಡೆ ಗ್ಯಾರೇಜೂ ಇರುತ್ತದೆ.

ನಮ್ಮಲ್ಲಿ ಕೆಲವರ ಯಜಮಾನರು ಮೆಕ್ಯಾನಿಕ್. ಕೆಲವರ ಮಗನೋ ತಮ್ಮನೋ ಗ್ಯಾರೇಜಿನಲ್ಲಿ ಹೆಲ್ಪರ್. ಕೆಲವರು ಅಲ್ಲಿ ಗುಡಿಸಿ ತೊಳೆಯೋ ಕೆಲಸಕ್ಕೆ ಹೋಗ್ತೇವೆ. ಕೆಲವರು ಮನೆಯವರ ಜೊತೆ ಸೇರಿ ಸ್ವಂತ ಗ್ಯಾರೇಜು ನಡೆಸ್ತೇವೆ. ಏನೂ ಇಲ್ಲದಿದ್ದರೂ, ಜಿಡ್ಡು ಹತ್ತಿದ ಬಟ್ಟೆ ಒಗೆಯೋರು ನಾವೇ.

ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುತ್ತಾರೆ. ಬಿಚ್ಚಿದ ಭಾಗಗಳನ್ನು ಮೊದಲು ತೊಳೆಯಬೇಕು. ಜಿಡ್ಡು ಇದ್ದರೆ ಬಿರುಕು ಕಾಣೋದಿಲ್ಲ. ಎಲ್ಲಿ ಸವೆದಿದೆ ಅಂತ ಗೊತ್ತಾಗೋದಿಲ್ಲ. ಮಣ್ಣಿನ ಕಣ ಉಳಿದರೆ ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ. ಆದ್ದರಿಂದ ತೊಳೆಯೋದು ಸಣ್ಣ ಕೆಲಸ ಅಲ್ಲ. ಆದರೆ ಆ ಕೆಲಸವನ್ನು ಎಲ್ಲರಿಗಿಂತ ಚಿಕ್ಕವರಿಗೆ ಕೊಡುತ್ತಾರೆ. ಒಂದು ಟ್ರೇ, ಒಂದು ಬ್ರಷ್ಷು, ಒಂದಿಷ್ಟು ಪೆಟ್ರೋಲು. "ತೊಳಿ" ಅಂತ ಹೇಳಿ ಹೋಗ್ತಾರೆ.

ಯಾವುದರಲ್ಲಿ ತೊಳೀಬೇಕು? ತೊಳೆಯೋ ದ್ರವವನ್ನು ಹೇಗೆ ಕಾಪಾಡಬೇಕು? ಕೆಟ್ಟ ಮೇಲೆ ಎಲ್ಲಿ ಹಾಕಬೇಕು? ಇದನ್ನು ಈ ಪಾಠದಲ್ಲಿ ತಿಳಿಯೋಣ.

ಜಿಡ್ಡು ನೀರಿಗೆ ಯಾಕೆ ಹೋಗೋದಿಲ್ಲ?

ಇದು ನಮಗೆ ಅಡುಗೆ ಮನೆಯಲ್ಲೇ ಗೊತ್ತು. ಒಗ್ಗರಣೆ ಬಾಣಲೆಗೆ ಬರೀ ನೀರು ಹಾಕಿದರೆ ಜಿಡ್ಡು ಹೋಗುತ್ತದೆಯೇ? ಇಲ್ಲ. ಎಣ್ಣೆಗೂ ನೀರಿಗೂ ಹೊಂದೋದಿಲ್ಲ.

ಜಿಡ್ಡು ತೆಗೆಯೋಕೆ ಎರಡು ದಾರಿ ಇವೆ.

ಮೊದಲನೇ ದಾರಿ, ಎಣ್ಣೆಯನ್ನು ಎಣ್ಣೆಯಲ್ಲಿ ಕರಗಿಸೋದು. ಹಲಸಿನ ಹಣ್ಣು ಬಿಡಿಸೋ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ತೇವೆ. ಆಗ ಅಂಟು ಕೈಗೆ ಹಿಡಿಯೋದಿಲ್ಲ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಇವೂ ಒಂದು ಬಗೆಯ ಎಣ್ಣೆಗಳೇ. ಅವು ಗ್ರೀಸನ್ನು ಕರಗಿಸುತ್ತವೆ.

ಎರಡನೇ ದಾರಿ, ಸೋಪಿನದು. ಸೀಗೆಕಾಯಿ, ಅಂಟವಾಳ, ಸೋಪಿನ ಪುಡಿ ಇವೆಲ್ಲ ಈ ಜಾತಿಗೆ ಸೇರಿದವು. ಸೋಪಿನ ಕಣಕ್ಕೆ ಎರಡು ತುದಿ. ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ನೀರು ಹರಿದಾಗ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಗ್ಯಾರೇಜಿಗೆ ಅಂತಲೇ ಮಾಡಿದ, ನೀರಿಗೆ ಬೆರೆಸೋ ದ್ರವಗಳು ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ಡಿಗ್ರೀಸರ್ ಅಂತಾರೆ.

ದ್ರವ ಆರಿಸೋ ಮೊದಲು ನಾಲ್ಕು ಪ್ರಶ್ನೆ

"ಯಾವುದು ಬೇಗ ತೊಳೆಯುತ್ತೆ?" ಎಂದು ಮಾತ್ರ ಕೇಳಿದರೆ ಸಾಲದು. ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು.

1. ಇದಕ್ಕೆ ಬೆಂಕಿ ಹತ್ತುತ್ತದೆಯೇ?
2. ನಮ್ಮ ಕೈಗೆ, ಉಸಿರಿಗೆ ಏನು ಮಾಡುತ್ತದೆ?
3. ತೊಳೆಯೋ ಭಾಗಕ್ಕೆ ಏನು ಮಾಡುತ್ತದೆ?
4. ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ?

ಈಗ ಒಂದೊಂದೇ ದ್ರವವನ್ನು ನೋಡೋಣ.

ಪೆಟ್ರೋಲು ಬೇಡವೇ ಬೇಡ

ಪೆಟ್ರೋಲು ಬೇಗ ತೊಳೆಯುತ್ತದೆ, ಬೇಗ ಒಣಗುತ್ತದೆ. ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಬೇಗ ಒಣಗೋದು ಅಂದರೆ ಏನು? ಅದು ಆವಿಯಾಗಿ ಗಾಳಿಗೆ ಸೇರಿತು ಅಂತ ಅರ್ಥ. ಆ ಗಾಳಿಯನ್ನೇ ನಾವು ಉಸಿರಾಡ್ತೇವೆ. ಆ ಗಾಳಿಗೇ ಬೆಂಕಿ ಹತ್ತುತ್ತದೆ.

ನೀರು 0 ಡಿಗ್ರಿಯಲ್ಲಿ ಐಸ್ ಆಗುತ್ತದೆ. ಪೆಟ್ರೋಲು ಅದಕ್ಕಿಂತ ಸುಮಾರು 40 ಡಿಗ್ರಿ ತಣ್ಣಗಿದ್ದರೂ ಅದರ ಆವಿಗೆ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಹಾಗಾದರೆ ನಮ್ಮ ಊರಿನ ಬಿಸಿಲಲ್ಲಿ ಹೇಗಿರಬೇಡ?

ಸಾಂಬ್ರಾಣಿ ಹೊಗೆ ಮೇಲಕ್ಕೆ ಹೋಗುತ್ತದೆ. ಪೆಟ್ರೋಲ್ ಆವಿ ಹಾಗಲ್ಲ. ಅದು ಗಾಳಿಗಿಂತ ಭಾರ. ನೆಲದ ಮೇಲೆ ಹರಿಯುತ್ತದೆ. ಟ್ರೇ ಇಲ್ಲಿದ್ದರೂ ಆವಿ ಅಲ್ಲಿಗೆ ಹೋಗಿರುತ್ತದೆ. ಅಲ್ಲಿ ಟೀ ಕಾಯಿಸೋ ಸ್ಟೋವ್ ಇರಬಹುದು. ದೇವರ ಪಟದ ಮುಂದೆ ದೀಪ ಇರಬಹುದು. ವೆಲ್ಡಿಂಗ್ ನಡೀತಾ ಇರಬಹುದು. ಸ್ವಿಚ್ ಒತ್ತಿದಾಗ ಬರೋ ಸಣ್ಣ ಕಿಡಿಯೂ ಸಾಕು.

ಪೆಟ್ರೋಲಿನಲ್ಲಿ ಬೆಂಜೀನ್ ಅನ್ನೋ ವಸ್ತು ಇದೆ. ಅದು ರಕ್ತದ ಕ್ಯಾನ್ಸರ್ ತರುತ್ತದೆ. ಅದಕ್ಕೇ ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ 1 ಪಾಲಿಗಿಂತ ಹೆಚ್ಚು ಇರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಇದೆ. ಗಾಡಿಯ ಟ್ಯಾಂಕಿನಲ್ಲಿ ಇರಲಿ ಅಂತ ಮಾಡಿದ್ದು ಅದು. ದಿನಾ ಕೈ ಅದ್ದಿ ಕೂರಲಿ ಅಂತ ಮಾಡಿದ್ದಲ್ಲ. ಬಸುರಿ ಹೆಂಗಸರಂತೂ ಪೆಟ್ರೋಲ್, ತಿನ್ನರ್ ವಾಸನೆ ಇರೋ ಕಡೆ ಕೆಲಸ ಮಾಡಲೇಬಾರದು.

ಬಣ್ಣಕ್ಕೆ ಹಾಕೋ ತಿನ್ನರ್ ಕೂಡ ಪೆಟ್ರೋಲಿನ ಅಣ್ಣನೇ. ಅದೂ ಬೇಡ.

ಸೀಮೆಎಣ್ಣೆ, ಡೀಸೆಲ್: ಪರವಾಗಿಲ್ಲವೇ?

ರೇಷನ್ ಅಂಗಡಿಯಲ್ಲಿ ನೀಲಿ ಸೀಮೆಎಣ್ಣೆಗೆ ಕ್ಯೂ ನಿಂತ ಕಾಲ ನಮಗೆಲ್ಲ ನೆನಪಿದೆ. ಆ ನೀಲಿ ಬಣ್ಣ ಸುಮ್ಮನೆ ಹಾಕಿದ್ದಲ್ಲ. ಇದು ಮನೆ ಬಳಕೆಗೆ ಕೊಟ್ಟಿದ್ದು, ಬೇರೆ ಕಡೆ ಹೋಗಬಾರದು ಅಂತ ಗುರುತು ಅದು.

ಸೀಮೆಎಣ್ಣೆ ಪೆಟ್ರೋಲಿನಷ್ಟು ಬೇಗ ಹತ್ತೋದಿಲ್ಲ. ಸುಮಾರು 35 ಡಿಗ್ರಿಗಿಂತ ಕೆಳಗೆ ಅದರ ಆವಿ ಕಿಡಿಗೆ ಹತ್ತಬಾರದು ಅಂತ ನಿಯಮ. ಆದರೆ ನಮ್ಮ ಊರು ಈಗ ಹಿಂದಿನಷ್ಟು ತಂಪಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿಗೆ ಏರಿತ್ತು. ತಗಡಿನ ಶೆಡ್ಡಿನ ಕೆಳಗೆ ಇನ್ನೂ ಹೆಚ್ಚು. ಆದ್ದರಿಂದ ಬೇಸಿಗೆಯ ಮಧ್ಯಾಹ್ನ ಸೀಮೆಎಣ್ಣೆಯನ್ನೂ ಪೆಟ್ರೋಲಿನ ಹಾಗೇ ನೋಡಬೇಕು.

ಡೀಸೆಲ್ ನಿಧಾನಕ್ಕೆ ತೊಳೆಯುತ್ತದೆ. ಭಾಗದ ಮೇಲೆ ಎಣ್ಣೆಯ ತೆಳು ಪದರ ಉಳಿಯುತ್ತದೆ. ಕೈಗೆ ಅದೂ ಒಳ್ಳೇದಲ್ಲ.

ನಮ್ಮ ಚರ್ಮದಲ್ಲಿ ಅದರದೇ ಆದ ಎಣ್ಣೆ ಪಸೆ ಇದೆ. ಈ ಮೂರೂ ದ್ರವಗಳು ಗ್ರೀಸಿನ ಜೊತೆ ಆ ಪಸೆಯನ್ನೂ ತೆಗೆದುಬಿಡುತ್ತವೆ. ಆಗ ಕೈ ಬಿರಿಯುತ್ತದೆ. ಉರಿಯುತ್ತದೆ. ತುರಿಕೆ ಬರುತ್ತದೆ. ಬಿರಿದ ಕಡೆ ಕೊಳೆ ಸೇರಿ ಹುಣ್ಣಾಗುತ್ತದೆ.

ಕೆಲವು ಭಾಗಕ್ಕೆ ನೀರು ತಾಗಬಾರದು. ಸಣ್ಣ ಸಣ್ಣ ತೂತಿರೋ ಕಾರ್ಬ್ಯುರೇಟರ್ ಅಂಥದ್ದು. ಅಂಥ ಕಡೆ ಸೀಮೆಎಣ್ಣೆ ಬೇಕಾಗಬಹುದು. ಆಗ ಚಿಕ್ಕ ಟ್ರೇಯಲ್ಲಿ ಸ್ವಲ್ಪವೇ ಹಾಕಿ. ಮುಚ್ಚಳ ಇರೋ ಟ್ರೇ ಆಗಲಿ. ಬಯಲಿನಲ್ಲಿ, ಗಾಳಿ ಆಡೋ ಕಡೆ ಕೆಲಸ ಮಾಡಿ. ಕೆಲಸ ಮುಗಿದ ತಕ್ಷಣ ಮುಚ್ಚಿಡಿ. ಸೀಮೆಎಣ್ಣೆಯನ್ನು ಯಾವತ್ತೂ ಕಾಯಿಸಬೇಡಿ.

ನೀರಿಗೆ ಬೆರೆಸೋ ದ್ರವ

ಇದಕ್ಕೆ ಬೆಂಕಿಯ ಭಯ ಇಲ್ಲ. ತಲೆ ತಿರುಗಿಸೋ ಆವಿ ಇಲ್ಲ. ಹೆಚ್ಚಿನ ಕೆಲಸಕ್ಕೆ ಇದೇ ಸಾಕು. ಆದರೆ ಕೊಳ್ಳುವಾಗ ಡಬ್ಬದ ಮೇಲೆ ಬೆಂಕಿಯ ಗುರುತು ಇಲ್ಲ ಅಂತ ನೋಡಿಕೊಳ್ಳಿ.

"ಡಬ್ಬದ ಬೆಲೆ ಜಾಸ್ತಿ" ಅಂತ ಗ್ಯಾರೇಜಿನವರು ಹೇಳಬಹುದು. ಲೆಕ್ಕ ಹಾಕಿ ತೋರಿಸಿ. ಒಂದು ಲೀಟರ್ ದ್ರವಕ್ಕೆ 10 ಲೀಟರ್ ನೀರು ಬೆರೆಸಿದರೆ 11 ಲೀಟರ್ ಆಯಿತು. ಅದನ್ನು ಹಲವು ದಿನ ಬಳಸಬಹುದು. ಒಂದು ಲೀಟರ್ ಪೆಟ್ರೋಲ್ ತಂದರೆ ಅದು ಒಂದೇ ಲೀಟರ್. ಅದರಲ್ಲೂ ಒಂದಿಷ್ಟು ಗಾಳಿಗೆ ಹಾರಿ ಹೋಗುತ್ತದೆ.

ಇದಕ್ಕೂ ಕೊರತೆ ಇದೆ. ಪೆಟ್ರೋಲಿನಷ್ಟು ಬೇಗ ತೊಳೆಯೋದಿಲ್ಲ. ನೆನೆ ಹಾಕಬೇಕು, ಉಜ್ಜಬೇಕು. ತೊಳೆದ ಮೇಲೆ ಒಣಗಿಸದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸ್ಟಾರ್ಟರ್, ಡೈನಮೋದಂಥ ಕರೆಂಟಿನ ಭಾಗಗಳನ್ನು ಇದರಲ್ಲಿ ಮುಳುಗಿಸಬಾರದು.

ಸೋಡಾ, ಆಸಿಡ್: ಎಚ್ಚರ

ಕೆಲವು ಕಡೆ ಕಾಸ್ಟಿಕ್ ಸೋಡಾ ಹಾಕಿ ತೊಳೀತಾರೆ. ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ ಹಾಕಿದರೆ ಪಾತ್ರೆ ಕಪ್ಪಾಗೋದನ್ನು ನೀವು ನೋಡಿದ್ದೀರಿ. ಕಾಸ್ಟಿಕ್ ಸೋಡಾ ಅದಕ್ಕಿಂತ ಬಹಳ ಖಾರ. ಅದು ಅಲ್ಯೂಮಿನಿಯಂ ಅನ್ನು ತಿಂದೇ ಹಾಕುತ್ತದೆ. ಆಗ ಹೈಡ್ರೋಜನ್ ಅನ್ನೋ ಗ್ಯಾಸು ಬರುತ್ತದೆ. ಆ ಗ್ಯಾಸಿಗೆ ಬೆಂಕಿ ಹತ್ತುತ್ತದೆ. ಇವತ್ತಿನ ಇಂಜಿನ್ನುಗಳಲ್ಲಿ ಅಲ್ಯೂಮಿನಿಯಂ ಭಾಗ ಬಹಳ.

ಕಾಸ್ಟಿಕ್ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಚರ್ಮಕ್ಕೆ ಬಿದ್ದರೆ ಸುಡುತ್ತದೆ.

ಇನ್ನೊಂದು ಮಾತು. ಇದು ಮನೆಗೂ ಸೇರಿದ್ದು. ಕಕ್ಕಸು ತೊಳೆಯೋ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿಸಬೇಡಿ. ವಿಷದ ಗಾಳಿ ಬರುತ್ತದೆ. ಒಂದು ದ್ರವಕ್ಕೆ ಇನ್ನೊಂದನ್ನು ಬೆರೆಸಿದರೆ ಹೆಚ್ಚು ಬಿಳುಪಾಗುತ್ತದೆ ಅನ್ನೋದು ತಪ್ಪು.

ಬ್ರೇಕಿನ ರಬ್ಬರು

ಇದನ್ನು ಚೆನ್ನಾಗಿ ನೆನಪಿಡಿ. ಕಾರು, ಲಾರಿಯ ಬ್ರೇಕಿನ ಸಿಲಿಂಡರಿನೊಳಗೆ ರಬ್ಬರಿನ ಸಣ್ಣ ಬಟ್ಟಲುಗಳಿವೆ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ತಾಗಿದರೆ ಆ ರಬ್ಬರು ಉಬ್ಬುತ್ತದೆ. ತೊಳೆದ ದಿನ ಏನೂ ಕಾಣೋದಿಲ್ಲ. ಆಮೇಲೆ ಒಂದು ದಿನ ಬ್ರೇಕು ಕಚ್ಚಿಕೊಳ್ಳಬಹುದು, ಇಲ್ಲವೇ ಹಿಡಿಯದೇ ಹೋಗಬಹುದು. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಬ್ರೇಕು ಹಿಡಿಯದಿದ್ದರೆ ಗಾಡಿಯಲ್ಲಿ ಇರೋರ ಗತಿ ಏನು?

ಬ್ರೇಕಿನ ರಬ್ಬರ್ ಭಾಗಗಳನ್ನು ಆ ಗಾಡಿಗೆ ಹೇಳಿರೋ ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು. ಬೇರೆ ಯಾವುದೂ ಬೇಡ.

ಡಬ್ಬ ಓದೋಣ

ನಮಗೆ ಈಗ ಓದು ಬಂದಿದೆ. ಡಬ್ಬದ ಮೇಲೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರೆದಿರುತ್ತದೆ. ಹೆದರಬೇಡಿ. ಚಿತ್ರಕ್ಕೂ ಅಂಕಿಗೂ ಭಾಷೆಯ ಹಂಗಿಲ್ಲ.

ಮೊದಲು ಚಿತ್ರ ನೋಡಿ. ಕೆಂಪು ಗೆರೆಯ ಚೌಕ ತುದಿಯ ಮೇಲೆ ನಿಂತಿರುತ್ತದೆ. ಅದರೊಳಗೆ ಚಿತ್ರ ಇರುತ್ತದೆ.

ಬೆಂಕಿಯ ಜ್ವಾಲೆ ಇದ್ದರೆ, ಬೇಗ ಹತ್ತಿಕೊಳ್ಳುತ್ತದೆ ಅಂತ ಅರ್ಥ.
ಕೈ ಮೇಲೆ ಹನಿ ಬಿದ್ದು ಕೈ ಕರಗೋ ಚಿತ್ರ ಇದ್ದರೆ, ಚರ್ಮ ಸುಡುತ್ತದೆ ಅಂತ ಅರ್ಥ.
ತಲೆಬುರುಡೆ ಇದ್ದರೆ, ವಿಷ ಅಂತ ಅರ್ಥ.
ಮನುಷ್ಯನ ಎದೆಯಲ್ಲಿ ನಕ್ಷತ್ರದಂಥ ಗುರುತಿದ್ದರೆ, ಒಳಗಿನ ಅಂಗಗಳಿಗೆ ನಿಧಾನವಾಗಿ ಕೇಡು ಮಾಡುತ್ತದೆ ಅಂತ ಅರ್ಥ.

ಆಮೇಲೆ ಅಂಕಿ ನೋಡಿ. 1:10 ಅಂತ ಇದ್ದರೆ ದ್ರವ ಒಂದು ಪಾಲು, ನೀರು ಹತ್ತು ಪಾಲು. ತಯಾರಾದ ದಿನ, ಬೆಲೆ, ಎಷ್ಟು ಲೀಟರ್ ಅನ್ನೋದನ್ನೂ ನೋಡಿ. ಅಲ್ಯೂಮಿನಿಯಂಗೆ ಆಗುತ್ತದೆಯೇ ಅಂತ ಅಂಗಡಿಯವರನ್ನು ಕೇಳಿ. ಡಬ್ಬದ ಮೇಲೆ ಎಲ್ಲಿ ಬರೆದಿದೆ ತೋರಿಸಿ ಅಂತ ಕೇಳಿ. ಕೇಳೋದು ನಮ್ಮ ಹಕ್ಕು.

ಗುರುತೇ ಇಲ್ಲದ ಡಬ್ಬ ಕೊಳ್ಳಬೇಡಿ. ಬಿಡಿಯಾಗಿ ಸುರಿದು ಕೊಡೋ ದ್ರವವೂ ಬೇಡ.

ಅಳತೆ ತಪ್ಪಬಾರದು

ಇಡ್ಲಿಗೆ ಉದ್ದು ಎಷ್ಟು, ಅಕ್ಕಿ ಎಷ್ಟು ಅಂತ ನಮಗೆ ಗೊತ್ತು. ಇಲ್ಲೂ ಹಾಗೇ. ಒಂದು ಅಳತೆ ಲೋಟ ಇಟ್ಟುಕೊಳ್ಳಿ. ಅದು ಅಡುಗೆ ಮನೆಗೆ ವಾಪಸ್ ಬರಬಾರದು.

ಲೆಕ್ಕ ಮಾಡೋಣ. 1:10 ಅಂತ ಇದೆ. ತೊಟ್ಟಿಯಲ್ಲಿ ನೀರು 20 ಲೀಟರ್. ದ್ರವ ಎಷ್ಟು ಬೇಕು? 2 ಲೀಟರ್. 1:20 ಅಂತ ಇದ್ದರೆ? 1 ಲೀಟರ್ ಸಾಕು.

ಹೆಚ್ಚು ಹಾಕಿದರೆ ಹೆಚ್ಚು ಶುದ್ಧವಾಗೋದಿಲ್ಲ. ದುಡ್ಡು ಹಾಳು. ಕೈ ಉರಿ. ತೊಳೆದ ಭಾಗದ ಮೇಲೆ ಬಿಳಿ ಕಲೆ. ಕಡಿಮೆ ಹಾಕಿದರೆ ಜಿಡ್ಡು ಹೋಗೋದಿಲ್ಲ, ತುಕ್ಕು ಬರುತ್ತದೆ.

ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸೋಪು ನೊರೆ ಬರೋದಿಲ್ಲ ಅನ್ನೋದು ಬಟ್ಟೆ ಒಗೆಯೋ ನಮಗೆ ಗೊತ್ತು. ಈ ದ್ರವವೂ ಗಡಸು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡೋದಿಲ್ಲ. ಹಾಗಂತ ಕುಡಿಯೋ ನೀರು ಸುರಿಯಬಾರದು. 2024ರ ಮಾರ್ಚಿಯಲ್ಲಿ ನೀರಿನ ಅಭಾವ ಬಂದಾಗ, ಕುಡಿಯೋ ನೀರಿನಲ್ಲಿ ಗಾಡಿ ತೊಳೆಯಬಾರದು ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿತ್ತು. ಶೆಡ್ಡಿನ ತಗಡಿನಿಂದ ಇಳಿಯೋ ಮಳೆ ನೀರು ಹಿಡಿದಿಡಿ. ಅದು ಮೆದು ನೀರು.

ತೊಳೆಯೋ ಕ್ರಮ

ಪಾತ್ರೆ ತೊಳೆಯುವಾಗ ಮೊದಲು ಮುಸುರೆ ತೆಗೀತೇವೆ. ಆಮೇಲೆ ಉಜ್ಜುತ್ತೇವೆ. ಕೊನೆಗೆ ಒಳ್ಳೇ ನೀರಿನಲ್ಲಿ ಜಾಲಿಸ್ತೇವೆ. ಇಲ್ಲೂ ಅದೇ ಕ್ರಮ.

ಮೊದಲು ಗಟ್ಟಿ ಗ್ರೀಸನ್ನು ಮರದ ಚಕ್ಕೆಯಿಂದ ಕೆರೆದು ತೆಗೀರಿ. ಅದನ್ನು ಬೇರೆ ಡಬ್ಬಕ್ಕೆ ಹಾಕಿ. ಇಷ್ಟು ಮಾಡಿದರೆ ದ್ರವ ಬೇಗ ಕೆಡೋದಿಲ್ಲ.

ಎರಡು ತೊಟ್ಟಿ ಇಡಿ. ಹಳೇ ದ್ರವದ ತೊಟ್ಟಿಯಲ್ಲಿ ಮೊದಲ ತೊಳೆತ. ಹೊಸ ದ್ರವದ ತೊಟ್ಟಿಯಲ್ಲಿ ಕೊನೆ ತೊಳೆತ. ಹಳೇದು ಕೆಟ್ಟಾಗ ಹೊಸದೇ ಹಳೇದಾಗುತ್ತದೆ.

ನೀರಿಗೆ ಬೆರೆಸಿದ ದ್ರವ ಬೆಚ್ಚಗಿದ್ದರೆ ಚೆನ್ನಾಗಿ ತೊಳೆಯುತ್ತದೆ. ಎಷ್ಟು ಬಿಸಿ ಇರಬಹುದು ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಕೈಯಲ್ಲಿ ಉಜ್ಜೋ ಕೆಲಸಕ್ಕೆ ಸ್ನಾನದ ನೀರಿನಷ್ಟು ಬೆಚ್ಚಗಿದ್ದರೆ ಸಾಕು. ತೊಟ್ಟಿಗೆ ಹೀಟರ್ ಕಾಯಿಲ್ ಇಳಿಬಿಟ್ಟು ಕೈ ಹಾಕಬೇಡಿ. ಕರೆಂಟು ಹೊಡೆಯುತ್ತದೆ. ನೀರನ್ನು ಬೇರೆ ಕಡೆ ಕಾಯಿಸಿ ತಂದು ಸುರಿಯೋದೇ ಕ್ಷೇಮ.

ತೊಳೆದ ತಕ್ಷಣ ಒಣಬಟ್ಟೆಯಿಂದ ಒರೆಸಿ. ಗಾಳಿಗೆ ಒಣಗಿಸಿ. ಕಬ್ಬಿಣದ ಭಾಗಕ್ಕೆ ತೆಳ್ಳಗೆ ಹೊಸ ಆಯಿಲ್ ಸವರಿ. ಕಾವಲಿಗೆ ಎಣ್ಣೆ ಸವರಿ ಇಡ್ತೇವಲ್ಲ, ಹಾಗೆ.

ಕಂಪ್ರೆಸರ್ ಗಾಳಿಯನ್ನು ಮೈ ಮೇಲೆ, ಬಟ್ಟೆ ಮೇಲೆ ಬಿಟ್ಟುಕೊಳ್ಳಬೇಡಿ. ಅದು ಕಣ್ಣಿಗೂ ಕಿವಿಗೂ ಚರ್ಮಕ್ಕೂ ಗಾಯ ಮಾಡುತ್ತದೆ. ಬೇರಿಂಗನ್ನು ಗಾಳಿಯಿಂದ ಗಿರಗಿರ ತಿರುಗಿಸಬೇಡಿ.

ದ್ರವವನ್ನು ಕಾಪಾಡೋದು

ತೊಟ್ಟಿಯ ಮೇಲೆ ಎಣ್ಣೆಯ ಕೆನೆ ಕಟ್ಟುತ್ತದೆ. ತಳದಲ್ಲಿ ಮಡ್ಡಿ ಕೂರುತ್ತದೆ. ನಡುವಿನದು ತಿಳಿ. ನಮಗೆ ಬೇಕಾದ್ದು ಆ ತಿಳಿ.

ದಿನಾ ಬೆಳಿಗ್ಗೆ, ಕೆಲಸಕ್ಕೆ ಮೊದಲು, ಮೇಲಿನ ಎಣ್ಣೆಯನ್ನು ಸೌಟಿನಿಂದ ತೆಗೀರಿ. ರಾತ್ರಿಯೆಲ್ಲ ಅಲುಗಾಡದೆ ಇದ್ದದ್ದರಿಂದ ಎಣ್ಣೆ ಮೇಲೆ ಬಂದಿರುತ್ತದೆ. ವಾರಕ್ಕೊಮ್ಮೆ ತಿಳಿಯನ್ನು ಬೇರೆ ತೊಟ್ಟಿಗೆ ಬಸಿದು ಮಡ್ಡಿ ತೆಗೀರಿ. ಸೀಮೆಎಣ್ಣೆಗೂ ಇದೇ ಕ್ರಮ. ಮಡ್ಡಿ ಕೂತ ಮೇಲೆ ತಿಳಿಯನ್ನು ಮತ್ತೆ ಬಳಸಬಹುದು.

ಬಿಸಿಲಿಗೆ ನೀರು ಆರಿ ದ್ರವ ಕಡಿಮೆಯಾದರೆ ಬರೀ ನೀರು ಸೇರಿಸಿ. ಆರಿದ್ದು ನೀರು, ಸೋಪಲ್ಲ. ತೊಳೆದ ಭಾಗಗಳ ಜೊತೆ ಹನಿ ಹನಿಯಾಗಿ ಹೋಗಿ ಕಡಿಮೆಯಾದರೆ, ಅಳತೆ ಪ್ರಕಾರ ಬೆರೆಸಿದ ದ್ರವ ಸೇರಿಸಿ. ಏಕೆಂದರೆ ಆಗ ಎರಡೂ ಹೋಗಿವೆ. ತೊಟ್ಟಿಯ ಒಳಗೆ ಒಂದು ಗೆರೆ ಹಾಕಿಟ್ಟರೆ ಎಷ್ಟು ಕಡಿಮೆಯಾಯಿತು ಅಂತ ಗೊತ್ತಾಗುತ್ತದೆ.

ದ್ರವದ ಶಕ್ತಿ ನೋಡೋಕೆ ಒಂದು ಕಾಗದದ ಪಟ್ಟಿ ಸಿಗುತ್ತದೆ. ಪಿ.ಎಚ್. ಪಟ್ಟಿ ಅಂತ ಕೇಳಿ. ದ್ರವದಲ್ಲಿ ಅದ್ದಿದರೆ ಬಣ್ಣ ಬದಲಾಗುತ್ತದೆ. ಪೊಟ್ಟಣದ ಮೇಲೆ ಬಣ್ಣಕ್ಕೊಂದು ಅಂಕಿ ಇದೆ. ಶುದ್ಧ ನೀರಿಗೆ 7. ಸೋಪಿನ ದ್ರವಕ್ಕೆ ಅದಕ್ಕಿಂತ ಹೆಚ್ಚು. ಹೊಸ ದ್ರವದ ಅಂಕಿ ಬರೆದಿಡಿ. ಆಮೇಲೆ ವಾರಕ್ಕೊಮ್ಮೆ ನೋಡಿ. ಅಂಕಿ ಇಳೀತಾ ಬಂದರೆ ದ್ರವ ಸೋಲುತ್ತಿದೆ ಅಂತ ಅರ್ಥ.

ಕೊಳೆತ ಮೊಟ್ಟೆಯ ವಾಸನೆ ಬಂತೇ? ದ್ರವದಲ್ಲಿ ಸೂಕ್ಷ್ಮ ಜೀವಿಗಳು ಬೆಳೆದಿವೆ. ದೋಸೆ ಹಿಟ್ಟು ಹುಳಿಯೋ ಹಾಗೆ ಇದೂ ಕೆಡುತ್ತದೆ. ಮೇಲೆ ಎಣ್ಣೆ ಪದರ ಕಟ್ಟಿ ಗಾಳಿ ಆಡದಿದ್ದರೆ ಬೇಗ ಕೆಡುತ್ತದೆ. ಎಣ್ಣೆ ತೆಗೆಯುತ್ತಾ ಇರಿ. ಹಬ್ಬಕ್ಕೆ ರಜೆ ಬಂದಾಗ ದಿನಕ್ಕೊಮ್ಮೆ ಯಾರಾದರೂ ಕೋಲಿನಿಂದ ಕದಡಲಿ. ಅನ್ನ, ಟೀ, ಎಲೆ ಅಡಿಕೆ ಉಗುಳು ಅದಕ್ಕೆ ಬೀಳಬಾರದು.

ಒಂದು ನೋಟ್ ಪುಸ್ತಕ ಇಡಿ. ಹೀಗೆ ಬರೀರಿ:

ಸೋಮವಾರ. ಹೊಸ ದ್ರವ ಹಾಕಿದೆವು. ನೀರು 20 ಲೀಟರ್, ದ್ರವ 2 ಲೀಟರ್. ಪಟ್ಟಿ 9.
ಗುರುವಾರ. ನೀರು 1 ಲೀಟರ್ ಸೇರಿಸಿದೆವು. ಎಣ್ಣೆ ತೆಗೆದೆವು.
ಶನಿವಾರ. ಮಡ್ಡಿ ತೆಗೆದೆವು.

ಈ ಪುಸ್ತಕ ಬರೆಯೋ ಕೆಲಸ ನೀವೇ ಕೇಳಿ ಪಡೆಯಿರಿ. ಬರೆದಿಟ್ಟ ಲೆಕ್ಕದ ಮುಂದೆ ಯಾರೂ "ನಿಂಗೇನು ಗೊತ್ತು" ಅನ್ನೋಕಾಗೋದಿಲ್ಲ.

ಕೆಟ್ಟ ದ್ರವ ಎಲ್ಲಿಗೆ?

"ಚರಂಡಿಗೆ ಸುರಿ" ಅಂತಾರೆ. ಚರಂಡಿ ಎಲ್ಲಿಗೆ ಹೋಗುತ್ತದೆ? ರಾಜಕಾಲುವೆಗೆ. ರಾಜಕಾಲುವೆ ಕೆರೆಗೆ. ಹೆಬ್ಬಾಳ, ನಾಗವಾರದ ಕೊಳೆ ನೀರನ್ನು ಶುದ್ಧ ಮಾಡಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುತ್ತಾರೆ. ನಮ್ಮಲ್ಲಿ ಎಷ್ಟೋ ಜನರ ತವರು ಆ ಕಡೆಯೇ. ಕೊಳೆ ನೀರನ್ನು ಶುದ್ಧ ಮಾಡೋದು ಸೂಕ್ಷ್ಮ ಜೀವಿಗಳು. ಇಂಜಿನ್ ಆಯಿಲ್ ಬಂದರೆ ಅವು ಕೆಲಸ ಮಾಡೋದಿಲ್ಲ. ಇಲ್ಲಿ ನಾವು ಸುರಿದದ್ದು ಅಲ್ಲಿ ನಮ್ಮ ಅಣ್ಣ ತಮ್ಮಂದಿರ ಹೊಲದ ಬೋರ್‌ವೆಲ್‌ಗೆ ಇಳಿಯಬಾರದು.

ಕೊಳೆತ ಕೆರೆ ಏನಾಗುತ್ತದೆ ಅಂತ ಬೆಂಗಳೂರು ಕಂಡಿದೆ. 2015ರಲ್ಲೂ 2017ರಲ್ಲೂ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದಿತ್ತು.

ಹಳೇ ಆಯಿಲ್, ಎಣ್ಣೆ ಮಡ್ಡಿ ಇವು ಅಪಾಯಕಾರಿ ಕಸ. ಇದಕ್ಕೆ 2016ರ ನಿಯಮ ಇದೆ. ಇವನ್ನು ಮುಚ್ಚಳ ಇರೋ ಡ್ರಮ್ಮಿನಲ್ಲಿ ಕೂಡಿಡಬೇಕು. ಆಯಿಲ್ ಬೇರೆ, ಮಡ್ಡಿ ಬೇರೆ, ಜಿಡ್ಡು ಬಟ್ಟೆ ಬೇರೆ, ಕೆಟ್ಟ ಸೋಪಿನ ದ್ರವ ಬೇರೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಟ್ಟವರಿಗೇ ಕೊಡಬೇಕು. "ಒಪ್ಪಿಗೆ ಪತ್ರ ತೋರಿಸಿ" ಅಂತ ಕೇಳಿ, ಓದಿ, ಆಮೇಲೆ ಕೊಡಿ.

ಹಳೇ ಆಯಿಲ್, ಜಿಡ್ಡು ಬಟ್ಟೆ ತಂದು ಹಂಡೆ ಒಲೆಗೆ ಹಾಕಬೇಡಿ. ಆ ಹೊಗೆ ವಿಷ. ದ್ರವದ ಖಾಲಿ ಡ್ರಮ್ಮಿನಲ್ಲಿ ಕುಡಿಯೋ ನೀರು ತುಂಬಬೇಡಿ.

ಮೈ, ಮನೆ, ಮಕ್ಕಳು

ಪೆಟ್ರೋಲಿನಲ್ಲಿ ಕೈ ತೊಳೆಯಬೇಡಿ. ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜಿ. ಬಟ್ಟೆಯಿಂದ ಒರೆಸಿ. ಆಮೇಲೆ ಸೋಪು ಹಾಕಿ. ರಾತ್ರಿ ಕೊಬ್ಬರಿ ಎಣ್ಣೆ ಸವರಿ. ಕೆಲಸ ಮಾಡುವಾಗ ನೈಟ್ರೈಲ್ ಕೈಗವಸು ಹಾಕಿ. ತೆಳು ರಬ್ಬರಿನದು ಪೆಟ್ರೋಲ್, ಸೀಮೆಎಣ್ಣೆಗೆ ಉಬ್ಬಿ ಹರಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಗ್ಯಾರೇಜಿನ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ನೆನೆ ಹಾಕಬೇಡಿ. ಪೆಟ್ರೋಲ್ ವಾಸನೆ ಇದ್ದರೆ ಮೊದಲು ಹೊರಗೆ ಗಾಳಿಗೆ ಹಾಕಿ. ಒಲೆ ಹತ್ತಿರ ತರಬೇಡಿ. ವಾಸನೆ ಹೋಗೋವರೆಗೆ ವಾಷಿಂಗ್ ಮೆಷಿನ್ನಿಗೂ ಹಾಕಬೇಡಿ.

ನೀರಿನ ಬಾಟಲಿಯಲ್ಲಿ, ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಸೀಮೆಎಣ್ಣೆ, ಆಸಿಡ್, ಡಿಗ್ರೀಸರ್ ತುಂಬಿಡಬೇಡಿ. ಮಕ್ಕಳಿಗೆ ಬಾಟಲಿ ಗೊತ್ತು, ಒಳಗಿನದು ಗೊತ್ತಿಲ್ಲ. ಪೈಪ್ ಹಾಕಿ ಬಾಯಿಂದ ಪೆಟ್ರೋಲ್ ಎಳೆಯಲೂಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಪ್ರಾಣಕ್ಕೆ ಕುತ್ತು.

14 ವರ್ಷ ತುಂಬದ ಮಕ್ಕಳನ್ನು ಗ್ಯಾರೇಜ್ ಕೆಲಸಕ್ಕೆ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ. ಟ್ರೇ ಮುಂದೆ ಕೂತ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಆ ಕೈಯಲ್ಲಿ ಬ್ರಷ್ಷಲ್ಲ, ಬಳಪ ಇರಬೇಕು.

ಅಪಾಯ ಆದರೆ

ಕುಡಿದುಬಿಟ್ಟರೆ: ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಡಬ್ಬದ ಸಮೇತ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ.

ಕಣ್ಣಿಗೆ ಬಿದ್ದರೆ: ಉಜ್ಜಬೇಡಿ. 15 ರಿಂದ 20 ನಿಮಿಷ ಹರಿಯೋ ನೀರಿನಲ್ಲಿ ತೊಳೀರಿ. ಆಮೇಲೆ ಆಸ್ಪತ್ರೆ.

ತಲೆ ತಿರುಗಿದರೆ: ಕೂಡಲೇ ಬಯಲಿಗೆ ಕರೆತನ್ನಿ.

ಟ್ರೇಗೆ ಬೆಂಕಿ ಹತ್ತಿದರೆ: ನೀರು ಸುರಿಯಬೇಡಿ. ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಮರಳು ಹಾಕಿ. ಬೆಂಕಿ ಆರಿಸೋ ಸಿಲಿಂಡರ್ ಬಳಸಿ. ಕೈ ಮೀರಿದರೆ ಎಲ್ಲರೂ ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ.

ಸುಟ್ಟರೆ: 20 ನಿಮಿಷ ತಣ್ಣೀರು ಹಾಯಿಸಿ. ಇಂಕು, ಸುಣ್ಣ, ಟೂತ್‌ಪೇಸ್ಟ್ ಹಚ್ಚಬೇಡಿ.

ನೆನಪಿಡಿ

ಪೆಟ್ರೋಲು ಗಾಡಿಗೆ, ಕೈಗಲ್ಲ.
ಚಿತ್ರ ನೋಡಿ, ಅಂಕಿ ಓದಿ, ಆಮೇಲೆ ಮುಚ್ಚಳ ತೆಗೀರಿ.
ಬ್ರೇಕಿನ ರಬ್ಬರಿಗೆ ಬ್ರೇಕ್ ಆಯಿಲ್ ಒಂದೇ.
ಮೇಲಿನ ಎಣ್ಣೆ ದಿನಾ, ತಳದ ಮಡ್ಡಿ ವಾರಕ್ಕೊಮ್ಮೆ.
ಚರಂಡಿಗೆ ಸುರಿದದ್ದು ಯಾರದೋ ಕೆರೆಗೆ ಹೋಗುತ್ತದೆ.

ಉತ್ತರ ಬರೆಯಿರಿ

1. ಪೆಟ್ರೋಲ್ ಆವಿ ಮೇಲಕ್ಕೆ ಹೋಗುತ್ತದೆಯೇ, ನೆಲದ ಮೇಲೆ ಹರಿಯುತ್ತದೆಯೇ?
2. ಡಬ್ಬದ ಮೇಲೆ 1:15 ಅಂತ ಇದೆ. ನೀರು 30 ಲೀಟರ್. ದ್ರವ ಎಷ್ಟು ಬೇಕು?
3. ಬಿಸಿಲಿಗೆ ದ್ರವ ಆರಿದರೆ ಏನು ಸೇರಿಸಬೇಕು?
4. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಯಾಕೆ ಮಾಡಿಸಬಾರದು?

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಫಿನಾಯಿಲ್, ಆಸಿಡ್, ಸೀಮೆಎಣ್ಣೆ ಯಾವ ಬಾಟಲಿಯಲ್ಲಿ ಇವೆ? ಇವತ್ತೇ ಹುಡುಕಿ. ಒಂದೊಂದಕ್ಕೂ ಚೀಟಿ ಅಂಟಿಸಿ, ಹೆಸರು ನೀವೇ ಬರೆಯಿರಿ. ನೀರಿನ ಬಾಟಲಿಯಲ್ಲಿ ಇದ್ದರೆ ಬೇರೆ ಡಬ್ಬಕ್ಕೆ ಹಾಕಿ. ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ. ಮುಂದಿನ ತರಗತಿಗೆ ಬಂದಾಗ ಎಷ್ಟು ಚೀಟಿ ಬರೆದಿರಿ ಅಂತ ಎಲ್ಲರಿಗೂ ಹೇಳಿ.